ಅಮ್ಮನ ಟಿಕೆಟ್ ಜುಲೈಗೆ, ಡೇ ಕೇರ್ ಜನವರಿಗೆ

ನನ್ನ ಮಗ ಹುಟ್ಟುವ ಮೊದಲೇ ಮೂರು ಡೇ ಕೇರ್‌ಗಳ ವೇಟ್‌ಲಿಸ್ಟ್‌ನಲ್ಲಿದ್ದ. ಫಾರ್ಮಿನಲ್ಲಿ ಹೆಸರಿನ ಜಾಗದಲ್ಲಿ 'ಬೇಬಿ', ಹುಟ್ಟಿದ ದಿನದ ಜಾಗದಲ್ಲಿ ಡಾಕ್ಟರ್ ಕೊಟ್ಟ ಅಂದಾಜು ತಾರೀಕು. ಒಂದೊಂದು ಅರ್ಜಿಗೆ 100 ಡಾಲರ್, ವಾಪಸ್ ಕೊಡುವುದಿಲ್ಲ. ಮಗು ಹುಟ್ಟುವ ಮುಂಚೆ ಒಂದು ಟೊಪ್ಪಿ ಕೂಡ ತರಬಾರದು ಅನ್ನುವ ಮನೆಯಲ್ಲಿ ಬೆಳೆದವಳು ನಾನು. ಉಡುಪಿಯಲ್ಲಿ ಅಮ್ಮನಿಗೆ ಈ ವಿಷಯ ಹೇಳುವಾಗ ದುಡ್ಡಿನ ಮಾತು ಎತ್ತಲಿಲ್ಲ.

ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ. ಪೆಸಿಫಿಕ್ ಸಮುದ್ರದ ದಂಡೆಯ ಊರು. ಮಲ್ಪೆಯಲ್ಲಿ ಹೇಗೆ ಸೂರ್ಯ ನೀರಿಗೆ ಇಳಿಯುತ್ತಾನೋ ಇಲ್ಲೂ ಹಾಗೆಯೇ, ಅದೊಂದು ಸಮಾಧಾನ. ನನ್ನ ಆಫೀಸು ಸೊರೆಂಟೋ ವ್ಯಾಲಿಯಲ್ಲಿ, ಮನೆ ಮೀರಾ ಮೇಸದಲ್ಲಿ. (ಅಮ್ಮ ಇವತ್ತಿಗೂ ಇದನ್ನು ಮೀರಾಬಾಯಿಯ ಊರು ಅಂತಲೇ ನೆಂಟರಿಗೆ ಹೇಳುವುದು.) ಗಂಡನೂ ಸಾಫ್ಟ್‌ವೇರ್. ಇಬ್ಬರದ್ದೂ ಎಚ್1ಬಿ ವೀಸಾ, ಇಬ್ಬರ ಕೆಲಸವೂ ಬೇಕು.

ಲೆಕ್ಕ ಹೀಗಿತ್ತು. ಮಗು ಫೆಬ್ರವರಿಯಲ್ಲಿ. ಹೆರಿಗೆಯ ನಂತರ ನನಗೆ 6 ವಾರ ಮೆಡಿಕಲ್ ರಜೆ, ಆಮೇಲೆ ರಾಜ್ಯ ಸರ್ಕಾರ ಸಂಬಳದ ಒಂದು ಭಾಗ ಕೊಡುವ ಬಾಂಡಿಂಗ್ ರಜೆ 8 ವಾರ, ಅದರ ಮೇಲೆ ಕಂಪನಿ ಕೊಟ್ಟ ಸ್ವಲ್ಪ. ಜೂನ್ ಮಧ್ಯದಲ್ಲಿ ಎಲ್ಲ ಮುಗಿಯುತ್ತಿತ್ತು. ಅಪ್ಪನಿಗೂ ಆ 8 ವಾರ ಸಿಗುತ್ತದೆ. ನನ್ನ ಗಂಡ ಅರ್ಧ ಹೆರಿಗೆಯ ಹೊತ್ತಿಗೆ ತೆಗೆದುಕೊಂಡು ಇನ್ನರ್ಧ ಉಳಿಸಿಟ್ಟಿದ್ದ. ಅಮ್ಮ ಜನವರಿಯಲ್ಲಿ ವಿಸಿಟರ್ ವೀಸಾದಲ್ಲಿ ಬಂದಳು. ಏರ್‌ಪೋರ್ಟಿನಲ್ಲಿ 6 ತಿಂಗಳಿಗೆ ಮುದ್ರೆ ಬಿತ್ತು. ಅಂದರೆ ಜುಲೈ ಎರಡನೇ ವಾರಕ್ಕೆ ಅವಳು ವಾಪಸ್, ಅಲ್ಲಿಂದ ಗಂಡನ 4 ವಾರ, ಆಗಸ್ಟ್ ಮಧ್ಯಕ್ಕೆ ಮಗನಿಗೆ ಒಂದು ಜಾಗ ಬೇಕೇ ಬೇಕು. ವೇಟ್‌ಲಿಸ್ಟ್‌ನ ಮೂರೂ ಕಡೆ ಏಪ್ರಿಲ್‌ನಲ್ಲಿ ಫೋನ್ ಮಾಡಿದೆ. ಇಬ್ಬರು "ಜನವರಿಗೆ ಆಗಬಹುದು" ಅಂದರು, ಇನ್ನೊಬ್ಬರು ಫೋನೇ ಎತ್ತಲಿಲ್ಲ.

ಇಷ್ಟು ದೊಡ್ಡ ಊರಿನಲ್ಲಿ 6 ತಿಂಗಳ ಮಗುವಿಗೆ ಜಾಗ ಯಾಕಿಲ್ಲ? ನನಗೆ ಇದು ಅರ್ಥವಾದದ್ದು ರಾಜ್ಯದ ನಿಯಮ ಓದಿದ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇರುವ ಸೆಂಟರ್‌ನಲ್ಲಿ 2 ವರ್ಷದೊಳಗಿನ 4 ಮಕ್ಕಳಿಗೆ ಒಬ್ಬರು ನೋಡಿಕೊಳ್ಳುವವರು ಇರಲೇಬೇಕು. ಸ್ವಲ್ಪ ದೊಡ್ಡ ಮಕ್ಕಳ ಪ್ರೀಸ್ಕೂಲ್ ತರಗತಿಯಲ್ಲಿ ಒಬ್ಬ ಟೀಚರ್ 12 ಮಕ್ಕಳನ್ನು ನೋಡಬಹುದು. ಹಾಗಾಗಿ ಅದೇ 12 ಮಕ್ಕಳಿಗೆ ಇಲ್ಲಿ ಮೂರು ಸಂಬಳ, ಅಲ್ಲಿ ಒಂದು. ಯಾರಾದರೂ ಬಿಸಿನೆಸ್ ಮಾಡುವವರು ಯಾವ ಕೋಣೆ ದೊಡ್ಡದು ಮಾಡುತ್ತಾರೆ ಅಂತ ನೀವೇ ಯೋಚಿಸಿ. ನಾವು ವಿಚಾರಿಸಿದ ಸೆಂಟರ್‌ಗಳಲ್ಲಿ ಚಿಕ್ಕ ಮಕ್ಕಳಿಗೆ ತಿಂಗಳಿಗೆ 2,000 ಡಾಲರ್‌ಗಿಂತ ಕಡಿಮೆ ಯಾರೂ ಹೇಳಲಿಲ್ಲ. ದುಬಾರಿ ಅಂತ ಬೈದುಕೊಳ್ಳುತ್ತಿದ್ದವಳು ಈ ಗುಣಾಕಾರ ಮಾಡಿದ ಮೇಲೆ ಬೈಯುವುದು ಬಿಟ್ಟೆ. ಕೊಡುವುದು ಮಾತ್ರ ಕಷ್ಟವೇ.

ಅಷ್ಟರಲ್ಲಿ ಆಂಟಿಯ ವಿಷಯ ಬಂತು.

ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬ್ಲಾಕಿನಲ್ಲಿ ಒಬ್ಬರು ಆಂಟಿ ಇದ್ದಾರೆ. ನಮ್ಮ ದೇಶದವರೇ. ಆಸುಪಾಸಿನ ನಾಲ್ಕೈದು ಮನೆಯವರು ಅವರ ಹತ್ತಿರವೇ ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಹೋಗುವುದು. ತಿಂಗಳಿಗೆ 1,000 ಡಾಲರ್, ಕ್ಯಾಶ್. ಬಿಸಿ ಅನ್ನಕ್ಕೆ ತುಪ್ಪ ಹಾಕಿ, ಬೇಳೆ ಕಿವುಚಿ, ಹಾಡು ಹೇಳಿ ಉಣ್ಣಿಸುತ್ತಾರೆ. ಪಾರ್ಕಿನಲ್ಲಿ ಸಿಕ್ಕಿದ ಪ್ರತಿಯೊಬ್ಬ ತಾಯಿಯೂ "ಅವರಿದ್ದಾರಲ್ಲ, ಯಾಕೆ ಒದ್ದಾಡ್ತೀರಿ?" ಅಂದಳು. ಅಮ್ಮ ಒಮ್ಮೆ ಅವರ ಮನೆಗೆ ಹೋಗಿ ಎರಡು ಗಂಟೆ ಕೂತು ಬಂದವಳು ಗಟ್ಟಿ ತೀರ್ಮಾನ ಮಾಡಿಯೇ ಬಂದಿದ್ದಳು.

"ಮಗುವಿನ ಮೈ ಮುಟ್ಟುವ ರೀತಿ ನೋಡಿದ್ರೆ ಗೊತ್ತಾಗ್ತದೆ. ಒಳ್ಳೆ ಹೆಂಗಸು," ಅಂದಳು.

ನಾನೂ ಹೋದೆ. ಅಮ್ಮ ಹೇಳಿದ್ದು ನಿಜ. ನಾನು ಅಷ್ಟು ಪ್ರೀತಿಯ ಕೈ ಬೇರೆ ಯಾವ ಸೆಂಟರ್‌ನಲ್ಲೂ ಆಮೇಲೆ ನೋಡಲಿಲ್ಲ. ಆದರೆ ಕಣ್ಣು ಸುಮ್ಮನಿರಬೇಕಲ್ಲ. ಮಕ್ಕಳನ್ನು ಎಣಿಸಿದೆ. 6. ಅದರಲ್ಲಿ 4 ಮಕ್ಕಳು 2 ವರ್ಷದೊಳಗಿನವರು. ದೊಡ್ಡವರು ಆಂಟಿ ಒಬ್ಬರೇ. ಒಂದು ಮಗು ಸೋಫಾದ ಮೇಲೆ ಕುಶನ್‌ಗಳ ನಡುವೆ ಮಲಗಿತ್ತು, ಇನ್ನೊಂದು ವಾಕರ್‌ನಲ್ಲಿ ಅಡುಗೆಮನೆಯ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿತ್ತು. ಎರಡನೇ ಮಹಡಿ. ಒಂದೇ ಮೆಟ್ಟಿಲು. ಇಲ್ಲಿ ಬೇಸಿಗೆ ಕಳೆಯುವಾಗ ಮರುಭೂಮಿಯ ಕಡೆಯಿಂದ ಒಣ ಗಾಳಿ ಬೀಸುತ್ತದೆ, ಕಾಡ್ಗಿಚ್ಚಿನ ಕಾಲ ಅದು. ಬೆಂಕಿ ಅಲಾರಂ ಹೊಡೆದರೆ ಎರಡು ಕೈಯಲ್ಲಿ ನಡೆಯಲು ಬಾರದ ಎಷ್ಟು ಮಕ್ಕಳನ್ನು ಎತ್ತಬಹುದು ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಂಟಿ ಕೊಟ್ಟ ಚಹಾ ಚೆನ್ನಾಗಿತ್ತು.

ಇಲ್ಲಿಯ ಕಾನೂನು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ತಪ್ಪು ಅನ್ನುವುದಿಲ್ಲ. ತನ್ನ ಮಕ್ಕಳಲ್ಲದೆ ಬೇರೆ ಒಂದು ಕುಟುಂಬದ ಮಕ್ಕಳನ್ನು ಮಾತ್ರ ನೋಡಿಕೊಳ್ಳುವುದಾದರೆ ಲೈಸೆನ್ಸೇ ಬೇಡ. ಎರಡನೇ ಕುಟುಂಬ ಬಂದ ಕೂಡಲೇ ಬೇಕು. ಆಗ ಅದು 'ಫ್ಯಾಮಿಲಿ ಚೈಲ್ಡ್ ಕೇರ್ ಹೋಮ್' ಆಗುತ್ತದೆ. ಚಿಕ್ಕದಾದರೆ ಸಾಮಾನ್ಯವಾಗಿ 6 ಮಕ್ಕಳು, ಅದರಲ್ಲಿ 2 ವರ್ಷದೊಳಗಿನವರು 3ಕ್ಕಿಂತ ಹೆಚ್ಚಿರಬಾರದು. ಬರೀ ಎಳೆ ಮಕ್ಕಳೇ ಆದರೆ 4ಕ್ಕೆ ನಿಲ್ಲಿಸಬೇಕು. ದೊಡ್ಡದಾದರೆ 12, ಜೊತೆಗೆ ಒಬ್ಬ ಸಹಾಯಕಿ ಕಡ್ಡಾಯ, ಆ 12ರಲ್ಲಿ ಎಳೆ ಮಕ್ಕಳು 4ಕ್ಕಿಂತ ಹೆಚ್ಚಿಲ್ಲ. ಆ ಮನೆಯಲ್ಲಿ ವಾಸಿಸುವ 18 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರೂ ಬೆರಳಚ್ಚು ಕೊಟ್ಟು ರಾಜ್ಯದ ನ್ಯಾಯ ಇಲಾಖೆ, ಎಫ್‌ಬಿಐ ಎರಡರ ದಾಖಲೆಯಲ್ಲೂ ಪಾಸಾಗಬೇಕು. ಮಕ್ಕಳಿಗೆ ಸಿಪಿಆರ್, ಪ್ರಥಮ ಚಿಕಿತ್ಸೆ ಮಾಡಲು ತರಬೇತಿ ಆಗಿರಬೇಕು. ಹೊಗೆ ಪತ್ತೆ ಮಾಡುವ ಅಲಾರಂ, ಬೆಂಕಿ ಆರಿಸುವ ಸಿಲಿಂಡರ್, 6 ತಿಂಗಳಿಗೊಮ್ಮೆ ಎಲ್ಲ ಮಕ್ಕಳನ್ನೂ ಹೊರಗೆ ಸಾಗಿಸುವ ಡ್ರಿಲ್. ವಾಕರ್ ಅಂತೂ ಲೈಸೆನ್ಸ್ ಇರುವ ಜಾಗದಲ್ಲಿ ಇಡಲೇಬಾರದು.

ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅವಳು ಹಸಿಮೆಣಸು ಹೆಚ್ಚುತ್ತಾ ಕೇಳಿಸಿಕೊಂಡಳು.

"ಅಲ್ಲ ಮಾರಾಯ್ತಿ, ನಾನು ಶಾಲೆಗೆ ಹೋಗುವಾಗ ನಿನ್ನನ್ನು ನೋಡಿಕೊಂಡದ್ದು ಪಕ್ಕದ ಮನೆಯ ಬಾಯಮ್ಮ. ಅವರ ಹತ್ರ ಯಾವ ಲೈಸೆನ್ಸ್ ಇತ್ತು? ಬೆರಳಚ್ಚು ಕೊಟ್ಟಿದ್ರಾ?"

ಇದಕ್ಕೆ ಉತ್ತರ ಕೊಡಲು ನನಗೆ ಎರಡು ದಿನ ಬೇಕಾಯಿತು. ಬಾಯಮ್ಮನ ಮನೆ ನನಗೆ ಚೆನ್ನಾಗಿ ನೆನಪಿದೆ. ಬಾಗಿಲು ಹಾಕಿದ್ದೇ ನೋಡಿಲ್ಲ. ಮೀನಿನವಳು ಬರುತ್ತಿದ್ದಳು, ಪೋಸ್ಟ್‌ಮ್ಯಾನ್ ಬರುತ್ತಿದ್ದರು, ಆಚೆ ಮನೆಯ ಅಜ್ಜಿ ಎಲೆಯಡಿಕೆ ಹಾಕಿಕೊಂಡು ಜಗಲಿಯಲ್ಲೇ ಕೂತಿರುತ್ತಿದ್ದರು. ನಾನು ಅತ್ತರೆ ನಾಲ್ಕು ಮನೆಗೆ ಕೇಳಿಸುತ್ತಿತ್ತು. ಬಾಯಮ್ಮನಿಗೆ ಜ್ವರ ಬಂದರೆ ಅವರ ನಾದಿನಿ ಇದ್ದರು. ಇಲ್ಲಿ ಆಂಟಿಯ ಬಾಗಿಲು ಮುಚ್ಚಿದರೆ ಮುಚ್ಚಿದಂತೆ. ಬೆಳಿಗ್ಗೆ 8ರಿಂದ ಸಂಜೆ 6ರ ತನಕ ಆ ಮನೆಯೊಳಗೆ ಏನಾಗುತ್ತದೆ ಅಂತ ಆಂಟಿ ಹೇಳಿದರೆ ಮಾತ್ರ ಗೊತ್ತು, ನನ್ನ ಮಗನಿಗಂತೂ ಮಾತು ಬರುವುದಿಲ್ಲ. ಆ ಬಾಗಿಲನ್ನು ಹೇಳದೆ ಕೇಳದೆ ಬಂದು ತಟ್ಟುವ ಹಕ್ಕು ಯಾರಿಗಾದರೂ ಒಬ್ಬರಿಗೆ ಇರಬೇಕು. ಲೈಸೆನ್ಸ್ ಕೊಡುವುದು ಅಷ್ಟನ್ನೇ.

"ಜಗಲಿ ಅಜ್ಜಿಯ ಸಂಬಳ ಸರ್ಕಾರ ಕೊಡ್ತದೆ ಅಂತಾಯ್ತು," ಅಂದಳು ಅಮ್ಮ. ಒಪ್ಪಿದಳು ಅಂತಲ್ಲ. ಆದರೆ ಆ ದಿನದಿಂದ ಇನ್‌ಸ್ಪೆಕ್ಟರಿಗೆ ನಮ್ಮ ಮನೆಯಲ್ಲಿ ಜಗಲಿ ಅಜ್ಜಿ ಅಂತಲೇ ಹೆಸರು.

ಆಂಟಿಗೆ ಬೇಡ ಅಂತ ಹೇಳಿದ್ದು ಸುಲಭವಾಗಿರಲಿಲ್ಲ. ಅವರ ಮುಖ ಬಾಡಿತು. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂದರು. ಲೈಸೆನ್ಸ್ ಮಾಡಿಸಿ, ನಾನು ಫಾರ್ಮ್ ತುಂಬಲು ಸಹಾಯ ಮಾಡುತ್ತೇನೆ ಅಂದೆ. ಆಗ ಅವರು ಹೇಳಿದ್ದು: ಅವರದ್ದು ಗಂಡನ ಕೆಲಸದ ವೀಸಾದ ಮೇಲಿನ ಡಿಪೆಂಡೆಂಟ್ ವೀಸಾ, ವರ್ಕ್ ಪರ್ಮಿಟ್ ಬಂದಿಲ್ಲ, ಎಲ್ಲಿಯೂ ಹೆಸರು ಬರೆಸುವ ಹಾಗಿಲ್ಲ. ಊರಿನಲ್ಲಿ ಅವರು ಪ್ರೈಮರಿ ಟೀಚರ್ ಆಗಿದ್ದವರಂತೆ. ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಈಗಲೂ ಪಾರ್ಕಿನಲ್ಲಿ ಸಿಗುತ್ತಾರೆ, ಮಗನನ್ನು ಎತ್ತಿಕೊಳ್ಳುತ್ತಾರೆ, ನನ್ನ ಹತ್ತಿರ ಮಾತು ಕಡಿಮೆ.

ಆಮೇಲೆ ಹುಡುಕಾಟ ಸರಿಯಾಗಿ ಶುರುವಾಯಿತು. ಕ್ಯಾಲಿಫೋರ್ನಿಯಾದ ಪ್ರತಿ ಕೌಂಟಿಯಲ್ಲೂ ಪೋಷಕರಿಗೆ ಡೇ ಕೇರ್ ಹುಡುಕಿಕೊಡುವ ಒಂದು ಸಂಸ್ಥೆ ಇರುತ್ತದೆ, ಉಚಿತ. ಸ್ಯಾನ್ ಡಿಯಾಗೋದಲ್ಲಿ ಆ ಕೆಲಸ ಮಾಡುವುದು ವೈಎಂಸಿಎಯ ಚೈಲ್ಡ್‌ಕೇರ್ ರಿಸೋರ್ಸ್ ಸರ್ವಿಸ್. ಮಗುವಿನ ವಯಸ್ಸು, ಪಿನ್‌ಕೋಡ್, ಯಾವ ಹೊತ್ತಿಗೆ ಬೇಕು ಅಂತ ಹೇಳಿದರೆ ಲೈಸೆನ್ಸ್ ಇರುವ ಜಾಗಗಳ ಪಟ್ಟಿ ಕಳಿಸುತ್ತಾರೆ. ಪಟ್ಟಿ ಕೈಗೆ ಬಂದ ಮೇಲೆ ಒಂದೊಂದರ ಲೈಸೆನ್ಸ್ ನಂಬರನ್ನು ರಾಜ್ಯದ ಸೋಶಿಯಲ್ ಸರ್ವಿಸಸ್ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ಇನ್‌ಸ್ಪೆಕ್ಟರ್ ಯಾವತ್ತು ಬಂದರು, ಏನು ಕಂಡರು, ದೂರು ಬಂದಿತ್ತಾ, ದೂರು ಏನಾಯಿತು ಎಲ್ಲ ಅಲ್ಲಿರುತ್ತದೆ. ಹಗಲಿಡೀ ಬೇರೆಯವರು ಬರೆದ ಬಗ್ ರಿಪೋರ್ಟ್ ಓದುವ ಕೆಲಸ ನನ್ನದು. ರಾತ್ರಿ ಮಗನಿಗೆ ಹಾಲು ಕುಡಿಸುತ್ತಾ ಫೋನಿನಲ್ಲಿ ಇದನ್ನು ಓದುವುದು ಅಭ್ಯಾಸವಾಯಿತು.

ಎರಡು ತರಹದ ತಪ್ಪುಗಳು ಬರೆದಿರುತ್ತವೆ. ಟೈಪ್ ಎ ಅಂದರೆ ಮಗುವಿನ ಆರೋಗ್ಯಕ್ಕೆ, ಸುರಕ್ಷತೆಗೆ ತಕ್ಷಣದ ಅಪಾಯ. ಟೈಪ್ ಬಿ ಅಂದರೆ ಸರಿಪಡಿಸದಿದ್ದರೆ ಮುಂದೆ ಅಪಾಯ ಆಗಬಹುದು. ದೂರುಗಳಿಗೆ ಮೂರು ಫಲಿತಾಂಶ: ಸಾಬೀತಾಯಿತು, ಸಾಬೀತು ಮಾಡಲು ಸಾಕ್ಷಿ ಸಾಲದು, ದೂರಿಗೆ ಆಧಾರವೇ ಇಲ್ಲ. ಮೊದಮೊದಲು ಏನಾದರೂ ಒಂದು ಬರೆದಿದ್ದರೆ ಆ ಜಾಗವನ್ನು ಪಟ್ಟಿಯಿಂದ ಹೊಡೆದುಹಾಕುವ ಅಂತ ಗಂಡ ಹೇಳುತ್ತಿದ್ದ. ಹಾಗೆ ಮಾಡಿದರೆ ಉಳಿಯುವುದು ಹೊಸದಾಗಿ ತೆರೆದ, ಇನ್ನೂ ಯಾರೂ ಸರಿಯಾಗಿ ನೋಡದ ಜಾಗಗಳು. ಬಗ್ಗೇ ಇಲ್ಲದ ಸಾಫ್ಟ್‌ವೇರ್ ಅಂದರೆ ಟೆಸ್ಟ್ ಮಾಡದ ಸಾಫ್ಟ್‌ವೇರ್ ಅಂತ ಅವನಿಗೂ ಗೊತ್ತಲ್ಲ. ಹಾಗಾಗಿ ಬರೆದದ್ದು ಏನು, ಅದೇ ತಪ್ಪು ಮತ್ತೆ ಬಂತಾ, ಎಷ್ಟು ದಿನದಲ್ಲಿ ಸರಿಮಾಡಿದರು ಅಂತ ಮೂರು ಕಾಲಂ ಮಾಡಿಕೊಂಡೆವು.

ಮೊದಲು ನೋಡಿದ್ದು ಒಂದು ದೊಡ್ಡ ಸೆಂಟರ್, ಆಫೀಸಿಗೆ ಹತ್ತಿರ. ಗೋಡೆ ತುಂಬ ತಿಮಿಂಗಿಲದ ಚಿತ್ರ, ಬಾಗಿಲಿಗೆ ಕೋಡ್, ಗಂಟೆಗೊಮ್ಮೆ ಫೋಟೋ ಕಳಿಸುವ ಆ್ಯಪ್. ಅಮ್ಮನಿಗೂ ಇಷ್ಟವಾಯಿತು. ಒಂದು ಜಾಗ ಖಾಲಿ ಆಗುವ ಹಾಗಿದೆ, ಬೇಗ ಹೇಳಿ ಅಂದರು. ಆದರೆ ರೆಕಾರ್ಡ್‌ನಲ್ಲಿ ಕೆಲವೇ ತಿಂಗಳ ಹಿಂದಿನ ಒಂದು ಟೈಪ್ ಎ ಇತ್ತು. ಆಟದ ಅಂಗಳದಿಂದ ಎಲ್ಲ ಮಕ್ಕಳನ್ನು ಒಳಗೆ ಕರೆದುಕೊಂಡು ಬರುವಾಗ ಒಂದು ಮಗು ಹೊರಗೇ ಉಳಿದಿತ್ತು. ಮಗುವಿಗೆ ಏನೂ ಆಗಿರಲಿಲ್ಲ. ಟೈಪ್ ಎ ಬಂದರೆ ಅದರ ವರದಿಯನ್ನು ಆಗ ಇರುವ ಪೋಷಕರಿಗೂ, ಮುಂದಿನ 12 ತಿಂಗಳು ಹೊಸದಾಗಿ ಸೇರುವ ಪೋಷಕರಿಗೂ ಅವರೇ ಕೊಡಬೇಕು ಅಂತ ನಿಯಮವಿದೆ. ನಮಗೆ ಕೊಟ್ಟ ಚಂದದ ಫೋಲ್ಡರ್‌ನಲ್ಲಿ ಅದಿರಲಿಲ್ಲ. ನಾನೇ ಕೇಳಿದೆ.

ಡೈರೆಕ್ಟರ್ ಮುಖದ ನಗು ಹಾಗೇ ಇತ್ತು. "ಓ, ಅದು ಹಳೆಯ ಸ್ಟಾಫ್. ಅವರು ಈಗ ಇಲ್ಲ," ಅಂದರು. ಈಗ ಮಕ್ಕಳನ್ನು ಎಣಿಸುವ ಕ್ರಮ ಹೇಗೆ ಬದಲಾಗಿದೆ ಅಂತ ಕೇಳಿದೆ. ವರದಿಯನ್ನು ಇಮೇಲ್ ಮಾಡುತ್ತೇನೆ ಅಂದರು. ಇಮೇಲ್ ಬರಲಿಲ್ಲ. ಒಂದು ವಾರ ಕಾದೆವು, ಎರಡು ಸಲ ನೆನಪಿಸಿದೆವು. ಜಾಗ ಖಾಲಿ ಇರುವ ಸೆಂಟರನ್ನು ಬಿಡುವುದು ಅಂದರೆ ಮೇ ತಿಂಗಳಲ್ಲಿ ಹೊಟ್ಟೆಯೊಳಗೆ ಕಲ್ಲು ಇಟ್ಟುಕೊಂಡ ಹಾಗೆ. ಆದರೂ ಬಿಟ್ಟೆವು. ತಪ್ಪು ಎಲ್ಲರ ಕೈಯಲ್ಲೂ ಆಗುತ್ತದೆ, ಆದರೆ ಆದ ತಪ್ಪಿನ ಬಗ್ಗೆ ಕೇಳಿದಾಗ ಮಾತು ಬದಲಿಸುವವರ ಹತ್ತಿರ ಮಾತು ಬಾರದ ಮಗುವನ್ನು ಹೇಗೆ ಬಿಡುವುದು?

ಇನ್ನೊಂದು ಮನೆ, ಸಮುದ್ರಕ್ಕೆ ಇನ್ನೂ ಹತ್ತಿರ. ಹಿತ್ತಲಿನಲ್ಲಿ ಈಜುಕೊಳ. ಲೈಸೆನ್ಸ್ ಇರುವ ಮನೆಯಲ್ಲಿ ಕೊಳದ ಸುತ್ತ ಹಾಕುವ ಬೇಲಿ 5 ಅಡಿಯಾದರೂ ಇರಬೇಕು, ಅದರ ಗೇಟು ತನ್ನಷ್ಟಕ್ಕೆ ಮುಚ್ಚಿ ಚಿಲಕ ಬೀಳಬೇಕು. ಬೇಲಿ ಇತ್ತು. ಗೇಟು ಮುಚ್ಚದ ಹಾಗೆ ಒಂದು ಹೂವಿನ ಕುಂಡ ಅಡ್ಡ ಇಟ್ಟಿದ್ದರು, ಯಾರೋ ನೀರು ಹಾಕುತ್ತಿದ್ದಿರಬೇಕು. ಅಮ್ಮ ಬಗ್ಗಿ ನೋಡಿದಳು, ಕಾರು ಹತ್ತಿದ ಮೇಲೆ ಬಾಯಿ ಬಿಟ್ಟಳು: "ನಮ್ಮ ಬಾವಿಗೆ ಕಟ್ಟೆ ಇತ್ತು, ಮೇಲೆ ಕಬ್ಬಿಣದ ಜಾಲರಿ ಇತ್ತು, ಆದ್ರೂ ನಿನ್ನನ್ನು ಆ ಕಡೆ ಬಿಡ್ತಿರ್ಲಿಲ್ಲ. ಇದು ಬೇಡ." ಈ ಹುಡುಕಾಟದಲ್ಲಿ ಅಮ್ಮ ಮತ್ತು ನಾನು ಚರ್ಚೆಯೇ ಇಲ್ಲದೆ ಒಂದಾದ ಮೊದಲ ಸಲ ಅದು.

ಇನ್ನು ಆರು ಕಡೆ ನೋಡಿದೆವು. ಅವುಗಳ ಬಗ್ಗೆ ಹೇಳುವಂಥದ್ದು ಏನಿಲ್ಲ. ದೂರ, ಅಥವಾ ಜಾಗವಿಲ್ಲ, ಅಥವಾ ಸಂಜೆ 5ಕ್ಕೇ ಮುಚ್ಚುತ್ತಾರೆ. ಸೊರೆಂಟೋ ವ್ಯಾಲಿಯಿಂದ ಮೀರಾ ಮೇಸ ಬುಲೆವಾರ್ಡಿನಲ್ಲಿ ಸಂಜೆ ಹೊತ್ತು ಬಂದವರಿಗೆ 5 ಗಂಟೆ ಅಂದರೆ ಏನು ಅಂತ ಗೊತ್ತು.

ನಾವು ಕೊನೆಗೆ ಆರಿಸಿದ್ದು ನಮ್ಮ ಮನೆಯಿಂದ ಹತ್ತು ನಿಮಿಷದ ಒಂದು ದೊಡ್ಡ ಫ್ಯಾಮಿಲಿ ಹೋಮ್. ನಡೆಸುವವರು ಫಿಲಿಪೀನ್ಸ್ ಮೂಲದ ಮಧ್ಯವಯಸ್ಸಿನ ಹೆಂಗಸು, ಜೊತೆಗೆ ಅವರ ತಂಗಿ. ಮೀರಾ ಮೇಸದಲ್ಲಿ ಫಿಲಿಪಿನೋ ಜನ ಬಹಳ. ಅವರ ರೆಕಾರ್ಡ್ ಸ್ವಚ್ಛವೇನೂ ಇರಲಿಲ್ಲ, ಎರಡು ಟೈಪ್ ಬಿ. ಒಂದು, ಸಹಾಯಕಿಯ ಲಸಿಕೆ ದಾಖಲೆ ಫೈಲಿನಲ್ಲಿ ಇರಲಿಲ್ಲ. (ಇಲ್ಲಿ 2016ರಿಂದ ಡೇ ಕೇರ್‌ನಲ್ಲಿ ಕೆಲಸ ಮಾಡುವವರಿಗೂ ದಡಾರ, ನಾಯಿಕೆಮ್ಮಿನ ಲಸಿಕೆ ಆಗಿರಬೇಕು.) ಇನ್ನೊಂದು, ಬೆಂಕಿ ಡ್ರಿಲ್ ಮಾಡಿದ ತಾರೀಕು ಬರೆದಿಟ್ಟಿರಲಿಲ್ಲ. ನಾನು ಪೀಠಿಕೆ ಹಾಕುವ ಮೊದಲೇ ಆಕೆ ಒಂದು ದಪ್ಪ ಫೈಲು ತಂದು ಮುಂದಿಟ್ಟು, "ನೋಡಿ, ಇವೆರಡಕ್ಕೆ ಬೈಸಿಕೊಂಡೆ, ಇದು ಸರಿಮಾಡಿದ ಪತ್ರ," ಅಂದರು. ಡ್ರಿಲ್ ಹೇಗೆ ಮಾಡುತ್ತೀರಿ ಅಂದೆ. ಹಿಂದಿನ ಕೋಣೆಯಿಂದ ಚಕ್ರ ಇರುವ ತೊಟ್ಟಿಲು ತಳ್ಳಿಕೊಂಡು ಬಂದು ತೋರಿಸಿದರು. ನಾಲ್ಕು ಎಳೆ ಮಕ್ಕಳು ಅದರೊಳಗೆ, ಒಬ್ಬರೇ ತಳ್ಳಬಹುದು. ಎರಡು ಕೈಯ ಲೆಕ್ಕ ನನ್ನ ತಲೆಯಿಂದ ಇಳಿದದ್ದು ಆಗ.

ಮಕ್ಕಳು ಮಲಗುವ ಕೋಣೆಯ ಬಾಗಿಲಿಗೆ ಒಂದು ಹಾಳೆ ನೇತುಹಾಕಿತ್ತು. ಹೆಸರು, ಗಂಟೆ, ಟಿಕ್ ಗುರುತು. ಮಲಗಿದ ಎಳೆ ಮಗುವನ್ನು 15 ನಿಮಿಷಕ್ಕೊಮ್ಮೆ ನೋಡಿ, ಉಸಿರಾಟ, ಮೈಬಣ್ಣ ಗಮನಿಸಿ ಬರೆದಿಡಬೇಕು. ಕ್ಯಾಲಿಫೋರ್ನಿಯಾದ ನಿಯಮವದು. 12 ತಿಂಗಳ ತನಕ ಅಂಗಾತ ಮಲಗಿಸಬೇಕು, ತೊಟ್ಟಿಲಲ್ಲಿ ಬಿಗಿಯಾದ ಬಟ್ಟೆಯ ಹಾಸಿಗೆ ಬಿಟ್ಟರೆ ಏನೂ ಇರಬಾರದು. ದಿಂಬಿಲ್ಲ, ಹೊದಿಕೆಯಿಲ್ಲ, ಬಟ್ಟೆಯಲ್ಲಿ ಸುತ್ತುವ ಹಾಗೂ ಇಲ್ಲ. ನಿದ್ದೆಯಲ್ಲೇ ಉಸಿರು ನಿಂತು ಹೋಗುವ ಅಪಾಯ ಎಳೆ ಮಕ್ಕಳಿಗೆ ಇರುವ ಕಾರಣ ಇಷ್ಟು ಬಿಗಿ. ಅಮ್ಮ ತನ್ನ ಹಳೆಯ ಕಾಟನ್ ಸೀರೆಗಳನ್ನು ಮಡಚಿ ಹೊಲಿದು ತಂದ ಹೊದಿಕೆ, ತಲೆ ದುಂಡಗಾಗಲಿ ಅಂತ ತಂದ ಸಾಸಿವೆ ದಿಂಬು ಎರಡೂ ಹಾಗೆ ಮನೆಯಲ್ಲೇ ಉಳಿದವು. ಕೊರಳಿನ ಕಪ್ಪು ದಾರವನ್ನೂ ಆಕೆ ತೆಗೆಸಿ ಕಳಿಸಲು ಹೇಳಿದರು, ಕತ್ತಿಗೆ ಬಿಗಿಯಬಹುದು ಅಂತ. ಸೊಂಟದ ಉಡಿದಾರಕ್ಕೆ ತಕರಾರಿಲ್ಲ. ಅಮ್ಮ ಅದನ್ನೊಂದು ಗೆಲುವು ಅಂತ ಪರಿಗಣಿಸಿದಳು.

ಸೇರಿಸುವ ಮೊದಲು ಎರಡು ಸಲ ಹೇಳದೆ ಹೋದೆ, ಒಮ್ಮೆ ಬೆಳಿಗ್ಗೆ ಹನ್ನೊಂದೂವರೆಗೆ, ಒಮ್ಮೆ ಸಂಜೆ ಮಕ್ಕಳೆಲ್ಲ ಕಿರಿಕಿರಿ ಮಾಡುವ ಐದು ಗಂಟೆಗೆ. ಮಗು ಅಲ್ಲಿ ಸೇರಿದ ಮೇಲೆ ಹೀಗೆ ಹೇಳದೆ ಒಳಗೆ ಬಂದು ನೋಡುವ ಹಕ್ಕು ಪೋಷಕರಿಗೆ ಬರೆದುಕೊಟ್ಟ ಹಕ್ಕು, ಸೇರಿಸುವಾಗ ಅದರ ಕಾಗದಕ್ಕೆ ನಮ್ಮ ಸಹಿ ಹಾಕಿಸಿಕೊಳ್ಳುತ್ತಾರೆ. ಸೇರುವ ಮೊದಲು ಅದು ಅವರ ಮರ್ಜಿ. ಆಕೆ ಎರಡೂ ಸಲ ಬಾಗಿಲು ತೆಗೆದು, ಕೈ ತೊಳೆದುಕೊಳ್ಳಿ ಅಂದು, ತನ್ನ ಕೆಲಸಕ್ಕೆ ವಾಪಸ್ ಹೋದರು. ಎರಡನೇ ಸಲ ಅಮ್ಮನೂ ಇದ್ದಳು. ಒಲೆಯ ಮೇಲೆ ಒಂದು ಪಾತ್ರೆ ಕುದಿಯುತ್ತಿತ್ತು. ಅಮ್ಮ ಮೂಗು ಎತ್ತಿದಳು. ಆಕೆ ಮುಚ್ಚಳ ತೆಗೆದು ತೋರಿಸಿ "ಲುಗಾವ್" ಅಂದರು.

"ಹೋ, ಇದು ಗಂಜಿ!" ಅಂದಳು ಅಮ್ಮ.

ಒಬ್ಬರ ಭಾಷೆ ಒಬ್ಬರಿಗೆ ಬಾರದ ಆ ಇಬ್ಬರು ಅಲ್ಲೇ ನಿಂತು ಅಕ್ಕಿ ಎಷ್ಟು, ನೀರು ಎಷ್ಟು ಅಂತ ಕೈಯಲ್ಲಿ ತೋರಿಸಿಕೊಂಡು ಕಾಲು ಗಂಟೆ ಮಾತಾಡಿದರು. ಅಮ್ಮ ಇಲ್ಲಿ ಕೂತು ಗಂಜಿ ತಿನ್ನುವ ಮೊಮ್ಮಗನನ್ನು ಕಲ್ಪಿಸಿಕೊಂಡದ್ದು ಅವಳ ಮುಖದಲ್ಲೇ ಕಂಡಿತು. ರಾಗಿ ಮಣ್ಣಿ ನಾವು ಮಾಡಿ ಡಬ್ಬಿಯಲ್ಲಿ ಕಳಿಸಬಹುದಾ ಅಂತ ಕೇಳಿದೆ. ಹೆಸರು, ತಾರೀಕು ಬರೆದು ಕಳಿಸಿ ಅಂದರು.

ತಿಂಗಳಿಗೆ 1,650 ಡಾಲರ್. ಆಂಟಿಗಿಂತ 650 ಹೆಚ್ಚು. ಆದರೆ ಒಂದು ವಿಷಯ ಪಾರ್ಕಿನ ಗೆಳತಿಯರು ಲೆಕ್ಕ ಹಾಕಿರಲಿಲ್ಲ. ಡೇ ಕೇರ್ ಖರ್ಚಿಗೆ ಆಫೀಸಿನ ಮೂಲಕ ತೆರಿಗೆ ಇಲ್ಲದೆ ಹಣ ತೆಗೆದಿಡುವ ಖಾತೆ ಇದೆ, ಆಗ ಒಂದು ಕುಟುಂಬಕ್ಕೆ ವರ್ಷಕ್ಕೆ 5,000 ಡಾಲರ್ ಮಿತಿ. ಅದನ್ನು ತೆರಿಗೆ ಲೆಕ್ಕದಲ್ಲಿ ತೋರಿಸಲು ನೋಡಿಕೊಳ್ಳುವವರ ತೆರಿಗೆ ಸಂಖ್ಯೆ ಬೇಕು. ಕ್ಯಾಶ್ ತೆಗೆದುಕೊಳ್ಳುವವರ ಹತ್ತಿರ ಆ ಸಂಖ್ಯೆ ಸಿಗುವುದಿಲ್ಲ. ಹಾಗಾಗಿ ನಿಜವಾದ ವ್ಯತ್ಯಾಸ 650 ಇರಲಿಲ್ಲ. ಆದರೂ ವ್ಯತ್ಯಾಸವೇ, ನಾವು ಹೊಸ ಕಾರು ಮುಂದಕ್ಕೆ ಹಾಕಿದೆವು.

ಜುಲೈಯಲ್ಲಿ ಅಮ್ಮ ಹೊರಟಳು. ಮೇ, ಜೂನ್ ಇಲ್ಲಿ ಕಡಲಿನ ಮೋಡ ಮಧ್ಯಾಹ್ನದ ತನಕ ಮುಚ್ಚಿಕೊಂಡಿರುತ್ತದೆ, ಜುಲೈಗೆ ಬಿಸಿಲು ಬಂದಿತ್ತು. ಏರ್‌ಪೋರ್ಟಿನಲ್ಲಿ ಅವಳು ನನಗಿಂತ ಗಟ್ಟಿ ಇದ್ದಳು. ಆಗಸ್ಟ್‌ನ ಮೊದಲ ದಿನ ಮಗ ಅಳಲಿಲ್ಲ, ನಾನು ಕಾರಿನಲ್ಲಿ ಕೂತು ಅತ್ತೆ. ಎರಡನೇ ವಾರ ಅವನಿಗೆ ಜ್ವರ. ಜ್ವರ ಬಿಟ್ಟು 24 ಗಂಟೆ ಆಗದೆ ಸೇರಿಸಿಕೊಳ್ಳುವುದಿಲ್ಲ ಅಂತ ಆಕೆ ಬಾಗಿಲಲ್ಲೇ ಹೇಳಿದರು. ಬೇರೆಯವರ ಮಕ್ಕಳಿಗೆ ಹೀಗೆ ಹೇಳುವಾಗ ನಮಗೆ ಆ ನಿಯಮ ಎಷ್ಟು ಚಂದ ಕಾಣುತ್ತಿತ್ತು! ಮೊದಲ ಮೂರು ತಿಂಗಳಲ್ಲಿ ನನ್ನ ರಜೆ, ಗಂಡನ ರಜೆ ಎರಡೂ ಕರಗಿದವು. ಇದನ್ನು ಯಾವ ರಿಪೋರ್ಟೂ ಮೊದಲೇ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ: ಡೇ ಕೇರ್ ಶುರುವಾಗುವ ಮೊದಲು ಹತ್ತು ದಿನವಾದರೂ ರಜೆ ಉಳಿಸಿಟ್ಟುಕೊಳ್ಳಿ.

ಸಂಜೆ ಮಗನ ಜೊತೆ ನಿದ್ದೆಯ ಹಾಳೆಯ ಪ್ರತಿಯೂ ಮನೆಗೆ ಬರುತ್ತದೆ. ಅದರ ಫೋಟೋ ಅಮ್ಮನಿಗೆ ಹೋಗಲೇಬೇಕು. ನಮ್ಮ ರಾತ್ರಿ ಎಂಟು ಅವಳಿಗೆ ಬೆಳಿಗ್ಗೆ ಎಂಟೂವರೆ, ದೋಸೆ ಹೊಯ್ಯುತ್ತಾ ಓದುತ್ತಾಳೆ. ಒಂದು ದಿನ 11:30ರ ಟಿಕ್ ಇರಲಿಲ್ಲ. ನಾನು ಗಮನಿಸಿರಲೇ ಇಲ್ಲ. "ಜಗಲಿ ಅಜ್ಜಿ ಕಾಫಿಗೆ ಹೋಗಿದ್ದಾಳಾ?" ಅಂತ ಉಡುಪಿಯಿಂದ ಮೆಸೇಜ್ ಬಂತು. ಮರುದಿನ ಆಕೆಯನ್ನು ಕೇಳಿದೆ. 11:20ಕ್ಕೇ ಎದ್ದಿದ್ದನಂತೆ, ಎದ್ದ ಸಮಯ ಪಕ್ಕದ ಕಾಲಂನಲ್ಲಿತ್ತು.

ಈಗ ನನ್ನ ತಂಗಿಯ ಸರದಿ. ಮಂಗಳೂರಿನಲ್ಲಿ ಅವಳಿಗೆ ಐಟಿ ಕೆಲಸ, ಮಗಳಿಗೆ 5 ತಿಂಗಳು. ಅಲ್ಲಿ ನಂಬರ್ ಹಾಕಿದರೆ ಇನ್‌ಸ್ಪೆಕ್ಟರ್ ವರದಿ ತೆರೆಯುವ ಇಂಥ ಅನುಕೂಲ ಅವಳಿಗಿಲ್ಲ. ಆದರೆ ಅಲ್ಲಿಯ ಕಾನೂನು 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿಗೆ ದಿನಕ್ಕೆ 4 ಸಲ ಹೋಗಿ ನೋಡಲು ಬಿಡಬೇಕು ಅನ್ನುತ್ತದೆ. ಅವಳ ಆಫೀಸಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಜನ ಇದ್ದಾರೆ. ಎಚ್‌ಆರ್‌ಗೆ ಬರೆದು ಕೇಳು ಅಂದೆ, ಬಾಯಲ್ಲಿ ಅಲ್ಲ. ಬರೆದಿದ್ದಾಳೆ, ಉತ್ತರಕ್ಕೆ ಕಾಯುತ್ತಿದ್ದಾಳೆ. ಅಷ್ಟರೊಳಗೆ ಕದ್ರಿ, ಬಿಜೈ ಕಡೆ ಮೂರು ಜಾಗ ನೋಡಿಟ್ಟಿದ್ದಾಳೆ. ನಾನು ನನ್ನ ಹಳೆಯ ಎಕ್ಸೆಲ್ ಕಳಿಸಿದೆ. ರೆಕಾರ್ಡ್‌ನ ಕಾಲಂ ತೆಗೆದು ಬೇರೆ ಹಾಕಿದ್ದೇವೆ: ಎಷ್ಟು ಮಕ್ಕಳಿಗೆ ಎಷ್ಟು ಜನ, ಮಧ್ಯಾಹ್ನ ಊಟದ ಹೊತ್ತಿಗೂ ಅಷ್ಟೇ ಜನ ಇರುತ್ತಾರಾ, ಆಯಾ ಎಷ್ಟು ವರ್ಷದಿಂದ ಇದ್ದಾಳೆ, ಪೊಲೀಸ್ ವೆರಿಫಿಕೇಶನ್ ಆಗಿದೆಯಾ, ಎರಡನೇ ಬಾಗಿಲು ಎಲ್ಲಿ, ಬಾವಿ ಅಥವಾ ಸಂಪ್ ಮುಚ್ಚಿದೆಯಾ, ಹೇಳದೆ ಬಂದರೆ ಒಳಗೆ ಬಿಡುತ್ತೀರಾ.

ಶನಿವಾರ ನೋಡಲು ಹೋಗುತ್ತಾಳೆ. ಅಮ್ಮ ಬೆಳಿಗ್ಗೆಯ ಎಕ್ಸ್‌ಪ್ರೆಸ್ ಬಸ್ಸಿಗೆ ಉಡುಪಿಯಿಂದ ಬರುತ್ತಾಳಂತೆ. ತಂಗಿಗೆ ಮೊದಲೇ ಹೇಳಿದ್ದಾಳೆ, "ಮಾತು ನೀನು ಆಡು, ಮಕ್ಕಳನ್ನು ನಾನು ಎಣಿಸ್ತೇನೆ."